ಅಕ್ಕನ ರುಖವತ, ನನ್ನ ಎಡಗೈ

ಸ್ವಲ್ಪ ತಾಳಿ. ಇದು ಕ್ರೋಶಾ ಸೂಜಿ, ಉಲ್ಲನ್ ದಾರದ ವಿಷಯ ಎಂದು ಗೊತ್ತಾದ ಕೂಡಲೇ ಎದ್ದು ಹೋಗಬೇಡಿ. ಮುಂದೆ ಒಂದು ಹಸಿರು ಕುಂಚಿ ಬರುತ್ತದೆ. ಅಕ್ಕನ ಅತ್ತೆಯವರ ಬೆರಳು ಅದರ ಮೇಲೆ ಓಡುತ್ತಾ ಓಡುತ್ತಾ ಒಂದು ಕಡೆ ನಿಂತುಬಿಡುತ್ತದೆ. ಅಲ್ಲಿಯವರೆಗಾದರೂ ನನ್ನ ಜೊತೆ ಇರಿ.

ಮೊದಲು ನನ್ನ ಬಗ್ಗೆ ಒಂದು ಮಾತು. ನಾನು ಎಡಚಿ. ಊಟ ಬಲಗೈಯಲ್ಲಿ ಮಾಡುವುದನ್ನು ಅವ್ವ ಬೈದು ಬೈದು ಕಲಿಸಿದಳು. ಉಳಿದದ್ದೆಲ್ಲ ಎಡಗೈಯೇ. ಭಾಲ್ಕಿಯ ನಮ್ಮ ಮನೆಯಲ್ಲಿ ಅವ್ವನ ಹೊಲಿಗೆ ಮಷೀನು ಇತ್ತು. ಅವ್ವ ಓಣಿಯವರ ಜಂಪರು ಹೊಲಿಯುತ್ತಿದ್ದಳು. ಆದರೆ ಕ್ರೋಶಾ ಅವಳಿಗೂ ಬರುತ್ತಿರಲಿಲ್ಲ. ಪಿಯುಸಿ ಮುಗಿದ ರಜೆಯಲ್ಲಿ ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿಯಲು ಕುಳಿತೆ. ನೋಡಿದರೆ ಎಲ್ಲರೂ ಬಲಗೈಯವರು. ಅವರು ಸೂಜಿ ಆ ಕಡೆಯಿಂದ ತಂದರೆ ನನ್ನದು ಈ ಕಡೆಯಿಂದ. ನಾಲ್ಕು ದಿನ ಬರೀ ಗಂಟು. ಐದನೆಯ ದಿನ ಒಂದು ಉಪಾಯ ಹೊಳೆಯಿತು. ಅಲ್ಮಾರಿಯ ಕನ್ನಡಿಯ ಮುಂದೆ ಸ್ಟೂಲಿಟ್ಟು, ಮೊಬೈಲನ್ನು ಕನ್ನಡಿಗೆ ಮುಖ ಮಾಡಿ ನಿಲ್ಲಿಸಿ, ನಾನು ಮೊಬೈಲಿನ ಹಿಂದೆ ಕೂತು ಕನ್ನಡಿಯಲ್ಲಿ ವಿಡಿಯೊ ನೋಡಿದೆ. ಕನ್ನಡಿಯೊಳಗಿನ ಹೆಂಗಸು ಎಡಚಿಯಾಗಿದ್ದಳು! ಅವಳು ಮಾಡಿದಂತೆ ಮಾಡುತ್ತಾ ಹೋದೆ, ಸರಪಳಿ ಎಂಬ ಮೊದಲ ಹೆಣಿಗೆ ಬಂತು, ಅದರ ಮೇಲೆ ನಿಲ್ಲುವ ಕಂಬ ಬಂತು.

ಅವ್ವ ಮಷೀನು ನಿಲ್ಲಿಸಿ ಕೇಳಿದಳು, "ಮುಂಜಾನಿಂದ ಕನ್ನಡಿ ಮುಂದೇ ಕೂತೀದಿ, ಯಾರ ಸಲುವಾಗಿ ಸಿಂಗಾರ ಆಗ್ಲತೀ?"

ಅಕ್ಕ ಆಗ ಬೀದರದಲ್ಲಿ ಒಂದು ಖಾಸಗಿ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆಯ ಬಸ್ಸಿಗೆ ಬಂದು, ಕಾಲು ತೊಳೆದು, ಚಹಾ ಹಿಡಿದುಕೊಂಡು ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ಕೂರುತ್ತಿದ್ದಳು. "ಏ ಎಡಚಿ, ಇವತ್ತೇನು ಹೆಣದಿ, ಮೀನ ಹಿಡಿಯೋ ಬಲಿನಾ?" ಎನ್ನುತ್ತಿದ್ದಳು. ಅವಳಿಗೆ ಗುಂಡಿ ಹಚ್ಚಲಿಕ್ಕೂ ಬರುತ್ತಿರಲಿಲ್ಲ. ನಾನು ಅವಳಿಗೆ ಕೊಟ್ಟ ಕೆಲಸ ಒಂದೇ, ಮಡಿಲಲ್ಲಿ ಉಲ್ಲನ್ ಉಂಡೆ ಹಿಡಿದುಕೊಂಡು ದಾರ ಬಿಡುತ್ತಾ ಇರುವುದು. ಬಿಡುತ್ತಾ ಆಫೀಸಿನ ಕಥೆ ಹೇಳುತ್ತಿದ್ದಳು. ಯಾರು ಯಾರಿಗೆ ಏನಂದರು, ಬಸ್ಸಿನಲ್ಲಿ ಸೀಟಿಗಾಗಿ ಯಾರ ಜಗಳ, ಯಾವ ಸಾಹೇಬರು ಡಬ್ಬಿಯೊಳಗಿನ ಉಪ್ಪಿನಕಾಯಿ ಕೇಳಿದರು. ಕಥೆ ರಂಗೇರಿದಾಗ ಉಂಡೆ ಕೈಬಿಟ್ಟು ಮಂಚದ ಕೆಳಗೆ ಉರುಳುತ್ತಿತ್ತು. ಈಗ ನನ್ನ ದಾರ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತಿರುತ್ತದೆ. ಎಲ್ಲಿಗೂ ಉರುಳುವುದಿಲ್ಲ, ಏನೂ ಹೇಳುವುದೂ ಇಲ್ಲ.

ಅಕ್ಕನ ಮದುವೆ ಗೊತ್ತಾಯಿತು. ನಮ್ಮ ಕಡೆ, ಮಹಾರಾಷ್ಟ್ರದ ಗಡಿ ಹತ್ತಿರ ಇರುವುದರಿಂದ, ಮದುವೆಯಲ್ಲಿ ರುಖವತ ಇಡುತ್ತಾರೆ. ವಧು ತನ್ನ ಕೈಯಾರೆ ಮಾಡಿದ ಸಾಮಾನುಗಳನ್ನು ಮಂಟಪದ ಒಂದು ಬದಿಗೆ ಟೇಬಲ್ಲಿನ ಮೇಲೆ ಜೋಡಿಸುವುದು. ಬೀಗರು, ನೆಂಟರು ಸಾಲಾಗಿ ಬಂದು ನೋಡಿ, ಮುಟ್ಟಿ, ತೂಗಿ ಹೋಗುತ್ತಾರೆ. ಆರು ತಿಂಗಳು ನಾನು ಕೂತು ಹೆಣೆದೆ. ಬಾಗಿಲಿಗೆ ಮಣಿ ಸೇರಿಸಿದ ತೋರಣ, ಟೇಬಲ್ ಹೊದಿಕೆ, ತಾಟು ಮುಚ್ಚುವ ಜಾಲರಿ, ನೀರಿನ ಬಾಟಲಿಗೆ ಚೀಲ. ಅಕ್ಕ ಉಂಡೆ ಹಿಡಿದಳು.

ಮದುವೆಯ ದಿನ ಗಂಡಿನ ಕಡೆಯ ಒಬ್ಬ ಹೆಂಗಸು ಜೋರಾಗಿ ಕೇಳಿದರು, "ಇಷ್ಟೆಲ್ಲ ಹುಡುಗಿನೇ ಮಾಡ್ಯಾಳೇನ್ರಿ?"

"ಹೌದ್ರಿ, ಆಕಿನೇ," ಎಂದಳು ಅವ್ವ. "ಆಫೀಸಿಂದ ಬಂದು ಕೂತು ಹೆಣಿತಿದ್ಳು."

ನಾನು ಪಕ್ಕದಲ್ಲೇ ಅಕ್ಷತೆಯ ತಾಟು ಹಿಡಿದು ನಿಂತಿದ್ದೆ. ಅವ್ವ ನನ್ನ ಕಡೆ ಒಂದು ಸಲ ನೋಡಿದಳು, ಗಪ್ ಇರು ಎಂಬಂತೆ. ನನಗೆ ಸಿಟ್ಟೇನೂ ಬರಲಿಲ್ಲ, ನಿಜವಾಗಿ ಹೇಳುತ್ತೇನೆ. ರುಖವತದ ಮುಂದೆ ನಿಂತ ತಾಯಂದಿರೆಲ್ಲ ಹೇಳುವ ಮಾತೇ ಅದು. ಅಕ್ಕ ಬಾಸಿಂಗ ಕಟ್ಟಿದ ತಲೆ ತಗ್ಗಿಸಿ ಕೂತಿದ್ದಳು. ಎಲ್ಲರೂ ನಾಚಿಕೆ ಎಂದುಕೊಂಡರು. ಅವಳು ನಗು ತಡೆಯುತ್ತಿದ್ದಳು.

ಅಕ್ಕನನ್ನು ಕೊಟ್ಟದ್ದು ಔರಾದ ಕಡೆಯ ಠಾಣಾ ಕುಶನೂರಿಗೆ. ಅತ್ತೆಯವರು ಎತ್ತರದ ಆಳು, ಮಾತು ಕಡಿಮೆ. ಹೊಲ, ಮನೆ ಎರಡನ್ನೂ ನಡೆಸುವವರು. ಹೋದ ದಿನವೇ ನನ್ನ ತೋರಣವನ್ನು ನಡುಮನೆಯ ಬಾಗಿಲಿಗೆ ಕಟ್ಟಿದರಂತೆ. ಆಮೇಲೆ ಮನೆಗೆ ಯಾರು ಬಂದರೂ ಅದನ್ನು ತೋರಿಸಿ, "ನಮ್ಮ ಸೊಸಿ ಕೈ ಬಂಗಾರ" ಎನ್ನುವರಂತೆ. ಒಂದು ವರ್ಷ ಹೀಗೇ ನಡೆಯಿತು. ಆಮೇಲೆ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅಕ್ಕನ ಫೋನು ಬಂತು.

"ಏ, ಸತ್ತೆ ನೋಡು ನಾ."

"ಏನಾಯ್ತ?"

"ನಮ್ಮ ನಾದಿನಿ ಬಾಣಂತನಕ್ಕ ಬಂದಾಳಲ್ಲ, ಆಕಿ ಕೂಸಿಗಿ ಹೆಸರಿಡೋದದ. ಅಂಗಡಿ ಕುಂಚಿ ಬ್ಯಾಡ, ನಮ್ಮ ಸೊಸಿನೇ ಉಲ್ಲನ್‌ದು ಹೆಣಿತಾಳ ಅಂತ ಅತ್ತಿ ಓಣಿಗೆಲ್ಲ ಹೇಳ್ಯಾರ."

ಕುಂಚಿ ಎಂದರೆ ಕೂಸಿನ ತಲೆ ಮುಚ್ಚಿ ಬೆನ್ನಿನ ತನಕ ಇಳಿಯುವ ಟೋಪಿ. ನನಗೆ ನಾಲ್ಕೈದು ದಿನದ ಕೆಲಸ. "ಅಷ್ಟೇನಾ? ಹೆಣದು ಬಸ್ಸಿಗಿ ಕಳಸ್ತೀನಿ, ಫಿಕರ್ ಮಾಡಬ್ಯಾಡ," ಎಂದೆ.

"ಕಳಸಿದ್ರ ಸಾಲಲ್ಲ. ನನ್ನ ಮುಂದ ಕೂತು ಹೆಣಿ, ನಿನ್ನ ಕೈ ನೋಡಬೇಕಾಗ್ಯಾದ ಅಂದಾರ."

"ಹಂಗಾರ ಖರೆ ಹೇಳಿಬಿಡು."

ಅಕ್ಕ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿತು. ಆಮೇಲೆ ದನಿ ಇಳಿಸಿ, "ಹ್ಯಾಂಗ ಹೇಳ್ಲಿ? ಇಲ್ಲಿ ನನಗ ರೊಟ್ಟಿ ತೆಳ್ಳಗ ಬಡಿಲಾಕ ಬರಲ್ಲ, ಹೊಲದ ಕೆಲಸ ಬರಲ್ಲ, ಪಲ್ಯಾಕ ಖಾರ ಹೆಚ್ಚ ಬೀಳ್ತದ. ಎಲ್ಲಾ ಮಾಫ್ ಆಗ್ಯಾದ, ಯಾಕಂದ್ರ ಕೈಯಾಗ ಕಲಾ ಅದ ಅಂತ. ಅದೂ ಸುಳ್ಳ ಅಂತ ತಿಳಿದ್ರ ನಂದೇನು ಉಳಿತದ? ನಂದ ಬಿಡು, ಅವ್ವ ಮಂಟಪದಾಗ ನಿಂತು ಹೇಳ್ಯಾಳ. ಅವ್ವನ ಮಾತು ಸುಳ್ಳಾಗ್ತದ," ಎಂದಳು.

ಅರ್ಧ ನಾನು ಹೆಣೆದು ತರುತ್ತೇನೆ, ಉಳಿದರ್ಧ ಅಲ್ಲೇ ಬಂದು ನಿನಗೆ ಕಲಿಸುತ್ತೇನೆ, ಅತ್ತೆಯವರ ಮುಂದೆ ನೀನು ಮುಗಿಸು ಎಂದು ಮಾತಾಯಿತು.

ಮರುದಿನ ಬೀದರದಲ್ಲಿ ಕಾಲೇಜು ಮುಗಿಸಿ ಉಲ್ಲನ್ ಅಂಗಡಿಗೆ ಹೋದೆ. ಅಂಗಡಿಯ ಚಾಚಾ ಗೋಣಿಯಷ್ಟು ದೊಡ್ಡ ಚೀಲದಿಂದ ಒಂದೊಂದೇ ಬಣ್ಣ ತೆಗೆದರು. "ಕೂಸಿಗಿ ಏನು ಬೇಟಾ? ಕೈಲೆ ಮುಟ್ಟಿದ್ರ ತಿಳಿಯಲ್ಲ. ಗಲ್ಲಕ್ಕ ಹಚ್ಚಿ ನೋಡು. ಚುಚ್ಚಿದ್ರ ವಾಪಸ್ ಇಡು." ನಾಲ್ಕು ಬಣ್ಣವನ್ನು ಗಲ್ಲಕ್ಕೆ ಒತ್ತಿ ನೋಡಿ, ಗಿಳಿ ಹಸಿರು ತಗೊಂಡೆ. ಮನೆಗೆ ಬಂದು ನಾಲ್ಕು ಸಂಜೆಗಳಲ್ಲಿ ಅರ್ಧ ಕುಂಚಿ ಎಬ್ಬಿಸಿದೆ. ಸಾಲುಗಳು ಗೆರೆ ಹಾಕಿದಂತೆ ಬಂದವು. ಅವ್ವನಿಗೆ ಎಲ್ಲಾ ಗೊತ್ತಿತ್ತು. ಚೀಲಕ್ಕೆ ಶೇಂಗಾ ಹೋಳಿಗೆ ಕಟ್ಟಿಡುತ್ತಾ, "ಹುಷಾರ" ಎಂದಳು, ಅಷ್ಟೇ.

ಠಾಣಾ ಕುಶನೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟಿತ್ತು. ಮಡಿಲಲ್ಲಿ ಚೀಲ, ಚೀಲದ ತಳದಲ್ಲಿ ಹೋಳಿಗೆಯ ಕೆಳಗೆ ಅರ್ಧ ಕುಂಚಿ. ಕಳ್ಳ ಮಾಲು ಸಾಗಿಸುವವಳಂತೆ ಪ್ರತಿ ಸ್ಟಾಪಿಗೂ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಮರುದಿನ ಬೆಳಿಗ್ಗೆ ಅತ್ತೆಯವರು ಹೊಲಕ್ಕೆ ಹೋದರು. ಬಾಣಂತಿ ಕೂಸಿನ ಜೊತೆ ಒಳಕೋಣೆಯಲ್ಲಿ ಮಲಗಿದ್ದಳು. ನಾವಿಬ್ಬರೂ ಹಿತ್ತಲಿನಲ್ಲಿ ಚಾಪೆ ಹಾಸಿ, ಮನೆಯಿಂದ ತಂದ ಚಿಲ್ಲರೆ ದಾರ ತಗೊಂಡು ಪಕ್ಕಪಕ್ಕ ಕೂತೆವು. ನಾನು ಮಾಡಿದಂತೆ ಮಾಡು ಎಂದೆ. ಅವಳು ಮಾಡಿದಳು. ದಾರ ಹುರಿಗೊಂಡಿತು. ಮತ್ತೆ ಮಾಡಿದಳು. ಸೂಜಿ ಜಾರಿ ಅಂಗೈಗೆ ಚುಚ್ಚಿತು.

"ನೀ ಬಲಕ್ಕ ಹೋಗ್ತಿ, ನಾ ಎಡಕ್ಕ ಹೋಗ್ತೀನಿ," ಎಂದಳು ಅಕ್ಕ. "ಇದೇನು ಹೆಣ್ಯಾದಾ, ಕಬಡ್ಡಿನಾ?"

ಆಗ ನನ್ನ ತಲೆಗೆ ಬಂತು. ಎದ್ದು ಅವಳ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತೆ. "ಈಗ ನಾ ಕನ್ನಡಿ ಅನ್ಕೋ. ಕನ್ನಡ್ಯಾಗ ನಿನ್ನ ಕೈ ಕಾಣ್ಲತದ." ಅವಳ ಬಲಗೈ, ನನ್ನ ಎಡಗೈ, ಎರಡೂ ಒಂದೇ ಬದಿಗೆ. ಎರಡೂ ಸೂಜಿ ಒಂದೇ ಕಡೆಗೆ ಬಾಗಿದವು. ಹತ್ತು ನಿಮಿಷದಲ್ಲಿ ಅವಳ ಕೈಯಲ್ಲಿ ಸರಪಳಿ ಇಳಿಯತೊಡಗಿತು. ಮಧ್ಯಾಹ್ನದ ಹೊತ್ತಿಗೆ ಕಂಬಗಳು ನಿಂತವು, ಕುಡಿದವರ ಹಾಗೆ ವಾಲಾಡುತ್ತಾ, ಆದರೂ ನಿಂತವು. ಅಕ್ಕ ಅದನ್ನು ಎತ್ತಿ ಹಿಡಿದು ನೋಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಷ್ಟು ದಿನ ಉಂಡೆ ಹಿಡಿದ ಹುಡುಗಿ, ತಾನು ಬಿಟ್ಟ ದಾರ ಏನಾಗುತ್ತಿತ್ತು ಎಂಬುದನ್ನು ಮೊದಲ ಸಲ ಕಂಡವಳ ಹಾಗೆ.

ಸಂಜೆ ಅತ್ತೆಯವರು ಬಂದ ಮೇಲೆ ಅಕ್ಕ ಅರ್ಧ ಕುಂಚಿ ಹೊರಗೆ ತಂದಳು. "ಇಷ್ಟು ಆಗ್ಯಾದರಿ ಅತ್ತಿ," ಎಂದಳು. ಅತ್ತೆಯವರು ಒಂದು ಸಲ ನೋಡಿ, "ಚಂದ ಆಗ್ಯಾದ, ಮುಂದ ಹೆಣಿ," ಎಂದರು. ಮುಂದಿನ ಎರಡು ದಿನ ಅಂಗಳದ ಬಿಸಿಲಿನಲ್ಲಿ ಅಕ್ಕ ಅವರ ಮುಂದೆ ಕೂತು ಹೆಣೆದಳು. ಅವರು ಮೊರದಲ್ಲಿ ಬೇಳೆ ಹಸನು ಮಾಡುತ್ತಾ, ನಡುನಡುವೆ ಅವಳ ಕೈ ನೋಡುತ್ತಾ ಇದ್ದರು. ನಾನು ಅಕ್ಕನ ಎದುರಿಗೆ ಸುಮ್ಮನೆ ಏನೋ ಹೆಣೆಯುವ ಹಾಗೆ ಕೂತು, ತಪ್ಪಿದಾಗ ಕಣ್ಣಿನಲ್ಲೇ ಹೇಳುತ್ತಿದ್ದೆ. ಎಲ್ಲಾ ಸರಿಯಾಯಿತು ಎಂದುಕೊಂಡೆ.

ಮೂರನೆಯ ದಿನ ಚಹಾ ಹೊತ್ತಿಗೆ ಅತ್ತೆಯವರು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ಕೊಡಿಲ್ಲಿ, ತಲಿಗಿ ಅಳತಿ ನೋಡಮ್ಮು," ಎಂದು ಕುಂಚಿ ತಗೊಂಡರು. ಅಳತೆ ನೋಡಿದರು. ಆಮೇಲೆ ಅದನ್ನು ಬಿಸಿಲಿಗೆ ಹಿಡಿದು, ಹೆಬ್ಬೆರಳನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ನಿಧಾನವಾಗಿ ಎಳೆಯುತ್ತಾ ಬಂದರು. ನಡುವಿಗೆ ಬಂದಾಗ ಬೆರಳು ನಿಂತಿತು. ಮತ್ತೆ ಕೆಳಗೆ ಹೋಗಿ ಬಂತು. ಮತ್ತೆ ಅಲ್ಲೇ ನಿಂತಿತು.

"ಇಲ್ಲಿ ಕೈ ಬದಲಾಗ್ಯಾದ," ಎಂದರು.

ಆಗ ನನಗೂ ಕಂಡಿತು. ನಾನು ಎಡದಿಂದ ಬಲಕ್ಕೆ ಹೆಣೆದು ಬಲದ ಅಂಚಿನಲ್ಲಿ ನಿಲ್ಲಿಸಿದ್ದೆ. ಸಾಲು ಮುಗಿದಾಗ ಹೆಣಿಗೆಯನ್ನು ತಿರುಗಿಸಿಕೊಳ್ಳಬೇಕು, ಅಕ್ಕ ಕುಂಚಿಯನ್ನು ತಿರುಗಿಸದೆ ಅಲ್ಲಿಂದಲೇ ಎಡಕ್ಕೆ ಹೊರಟಿದ್ದಳು. ಒಂದರ ಬೆನ್ನು, ಒಂದರ ಮುಖ ಬರಬೇಕಾದ ಎರಡು ಸಾಲುಗಳು ಅಲ್ಲಿ ಒಂದೇ ಕಡೆಗೆ ಮುಖ ಮಾಡಿ, ನಡುವೆ ಉಬ್ಬಿದ ಗೆರೆಯಂತೆ ಒಂದು ಏಣು ಎದ್ದಿತ್ತು. ಕೆಳಗಿನ ಕುಣಿಕೆಗಳು ಒಂದು ಕಡೆ ವಾಲಿದ್ದರೆ ಮೇಲಿನವು ಇನ್ನೊಂದು ಕಡೆ. ಅವಳ ಕೈ ಕಲಿಸುವ ಗಡಿಬಿಡಿಯಲ್ಲಿ ನನಗೆ ಇದು ಹೊಳೆದೇ ಇರಲಿಲ್ಲ.

"ಕೆಳಗಿಂದು ಎಡಗೈ. ಮ್ಯಾಲಿಂದು ಬಲಗೈ," ಎಂದು ಅತ್ತೆಯವರು ನನ್ನ ಕಡೆ ತಿರುಗಿದರು. ನನ್ನ ಚಹಾದ ಕಪ್ಪು ಎಡಗೈಯಲ್ಲಿತ್ತು. ಬಲಗೈಗೆ ಬದಲಿಸಲು ಹೋಗಿ ಚೂಡಿದಾರದ ಮೇಲೆ ಚೆಲ್ಲಿಕೊಂಡೆ.

ಅಕ್ಕ ಸೂಜಿ ಕೆಳಗಿಟ್ಟಳು. "ಕೆಳಗಿಂದು ಆಕಿದರಿ ಅತ್ತಿ. ರುಖವತನೂ ಎಲ್ಲಾ ಆಕಿದೇ. ನನಗ ಮೊನ್ನಿ ತನಕ ಸೂಜಿ ಹಿಡಿಲಾಕೂ ಬರ್ತಿರಲಿಲ್ಲ." ಒಂದೇ ಉಸಿರಿಗೆ ಹೇಳಿದಳು. ಹೇಳಿದ ಮೇಲೆ ಅವಳ ಮೂಗಿನ ತುದಿ ಕೆಂಪಾಯಿತು, ಅಳು ಬಂದಾಗ ಅವಳಿಗೆ ಹಾಗಾಗುತ್ತದೆ.

"ಗೊತ್ತದ," ಎಂದರು ಅತ್ತೆಯವರು. "ಸಣ್ಣಾಕಿ ಇದ್ದಾಗ ನಾನೂ ತವರಾಗ ಭಾಳ ಹೆಣದೀನಿ. ತೋರಣ ಕಟ್ಟಿದ ದಿನನೇ ತಿಳೀತು, ಇದು ಎಡಚಿ ಕೈದು ಅಂತ. ನೀ ಬಾಗಲಾಗ ರಂಗೋಲಿ ಬಲಗೈಲೆ ಹಾಕ್ಲತಿದ್ದಿ."

"ಮತ್ತ ಯಾಕ ಕೇಳಲಿಲ್ಲರಿ?"

"ಮಂದಿ ಮುಂದ ಹೊಗಳಿದ್ರ ನೀನೇ ಹೇಳ್ತಿ ಅಂತ ಕಾದೆ. ಒಂದ್ ವರ್ಷ ಆಯ್ತು. ನೀ ಹೇಳಲಿಲ್ಲ. ಅದಕ್ಕೇ ಮುಂದ ಕೂತು ಹೆಣಿ ಅಂದೆ." ಕುಂಚಿಯನ್ನು ಅಕ್ಕನ ಮಡಿಲಿಗೆ ಹಾಕಿದರು. "ಇರ್ಲಿ. ಹಿಂಗೇ ಮುಗಸು. ಓಣಿ ಮಂದಿಗೇನು ತಿಳಿತದ."

ನನಗೆ ಜೀವ ಬಂದ ಹಾಗಾಯಿತು. ಮುಗಿಯಿತಲ್ಲ, ಪಾರಾದೆವು ಎಂದುಕೊಂಡೆ. ಅಕ್ಕ ಮಾತ್ರ ಕುಂಚಿಯನ್ನೇ ನೋಡುತ್ತಾ ಕೂತಳು. ಆಮೇಲೆ ಸೂಜಿಯಿಂದ ಕುಣಿಕೆ ಬಿಡಿಸಿ ದಾರ ಹಿಡಿದು ಎಳೆದಳು.

"ಏ ಅಕ್ಕಾ! ಇನ್ನ ನಾಕೇ ದಿನ ಅದ!"

ಅವಳು ನಿಲ್ಲಿಸಲಿಲ್ಲ. ಕ್ರೋಶಾ ಬಿಚ್ಚುವುದು ಎಷ್ಟು ಸಲೀಸು ಎಂದು ಹೆಣೆದವರಿಗೇ ಗೊತ್ತು. ಮೊದಲು ಅವಳ ಎರಡು ದಿನ ಹೋಯಿತು. ಆಮೇಲೆ ಆ ಏಣು. ಆಮೇಲೆ ನನ್ನ ಸಾಲುಗಳು ಒಂದೊಂದಾಗಿ ಟಪಟಪ ಬಿಚ್ಚಿಕೊಂಡವು. ಅಷ್ಟು ನೀಟಾಗಿ ನಾನು ಅಲ್ಲಿಯತನಕ ಏನನ್ನೂ ಹೆಣೆದಿರಲಿಲ್ಲ. ಅಂಗಳದ ತುಂಬ ಗುಂಗುರು ಗುಂಗುರಾಗಿ ಹಸಿರು ದಾರ ಬಿತ್ತು. ಅತ್ತೆಯವರು ಕೂಸನ್ನು ನನ್ನ ಕೈಗೆ ಕೊಟ್ಟು, ದಾರದ ತುದಿ ಹಿಡಿದು, "ಎಳಿ, ನಾ ಉಂಡಿ ಸುತ್ತತೀನಿ," ಎಂದರು.

"ನೀ ಕೈ ಹಚ್ಚಬ್ಯಾಡ," ಎಂದಳು ಅಕ್ಕ ನನಗೆ. "ಎದುರಿಗಿ ಕೂತು ತೋರ್ಸು. ಅಷ್ಟೇ."

ಆ ನಾಲ್ಕು ದಿನಗಳನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ. ಬಿಸಿಲು ಸರಿದಂತೆ ಚಾಪೆ ಸರಿಸುತ್ತಾ, ಮೂವರೂ ಅಂಗಳದ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದೆವು. ನಾನು ಚಿಲ್ಲರೆ ದಾರದಲ್ಲಿ ಒಂದೊಂದು ಸಾಲು ಹೆಣೆದು ತೋರಿಸಿ ಬಿಚ್ಚುತ್ತಿದ್ದೆ. ಅಕ್ಕ ನೋಡಿ ಹೆಣೆಯುತ್ತಿದ್ದಳು. ಅತ್ತೆಯವರು ತಮ್ಮ ತವರಿನ ಮರಾಠಿ ಮಾತು ಬೆರೆಸಿ, "ಅಲ್ಲಿ ಒಂದು ಖಾಂಬ ಬಿಟ್ಟೀದಿ," ಎಂದು ಬೆರಳು ತೋರಿಸುತ್ತಿದ್ದರು. ಕಂಬಕ್ಕೆ ಅವರು ಖಾಂಬ ಎನ್ನುತ್ತಿದ್ದರು. ಒಂದು ಸಲ ಸೂಜಿ ತಾವೇ ತಗೊಂಡು ನೋಡಿದರು. ಹೊಲದ ಕೆಲಸಕ್ಕೆ ಬೆರಳು ಬಿರುಸಾಗಿದ್ದವು, ದಾರ ಚರ್ಮಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಎರಡು ಖಾಂಬ ಹಾಕಿ, "ಬಂದದ್ದು ಹೋಗಿಲ್ಲ ನೋಡು," ಎಂದು ನಕ್ಕು ವಾಪಸು ಕೊಟ್ಟರು. ಅಕ್ಕ ಆ ಎರಡನ್ನು ಬಿಚ್ಚಿ ತಾನೇ ಮತ್ತೆ ಹಾಕಿದಳು. "ಬಿಡ್ರಿ ಅತ್ತಿ, ಮತ್ತ ಕೈ ಬದಲಾಗ್ತದ," ಎಂದಾಗ ಅತ್ತೆಯವರು ನಕ್ಕ ನಗೆಗೆ ಒಳಗೆ ಮಲಗಿದ್ದ ಕೂಸು ಎದ್ದು ಅತ್ತಿತು.

ಹೆಸರಿಡುವ ದಿನ ಬೆಳಿಗ್ಗೆ ಕುಂಚಿ ಮುಗಿಯಿತು. ಸೊಟ್ಟಗಿತ್ತು, ಮುಚ್ಚುಮರೆಯೇಕೆ. ಒಂದು ಬದಿ ಎರಡು ಬೆರಳು ಉದ್ದ. ಕೂಸಿಗೆ ಹಾಕಿದರೆ ಒಂದು ಕಿವಿ ಹೊರಗೇ. ಭಾಲ್ಕಿಯಿಂದ ಅವ್ವನೂ ಬಂದಿದ್ದಳು. ತೊಟ್ಟಿಲ ಸುತ್ತ ಹೆಂಗಸರು ತುಂಬಿದ್ದರು. ಪಕ್ಕದ ಮನೆಯಾಕೆ ಕುಂಚಿಯ ಅಂಚು ಹಿಡಿದು ಎಳೆದು ನೋಡಿದಳು.

"ಏನಬೇ ಇದು, ಸೊಸಿ ಕೈ ಬಂಗಾರ ಅಂತಿದ್ದಿ, ಕೂಸಿನ ಕಿವಿ ಹೊರಗ ಬಿದ್ದದಲ್ಲ! ಮದುವ್ಯಾಗ ಇಟ್ಟಿದ್ದು ಹ್ಯಾಂಗಿತ್ತು, ಇದು ಹ್ಯಾಂಗದ!"

ಅವ್ವ ಕೈಯಲ್ಲಿದ್ದ ಆರತಿ ತಾಟಿನ ಸಮೇತ ಒಂದು ಹೆಜ್ಜೆ ಹಿಂದೆ ಸರಿದಳು.

"ಮದುವ್ಯಾಗಿಂದು ನನ್ನ ತಂಗಿದರಿ," ಎಂದಳು ಅಕ್ಕ. "ನನ್ನ ಕೈದು ಇದು. ಇದೇ ಮೊದಲನೇದು."

ಅತ್ತೆಯವರು ಕೂಸಿನ ಕಿವಿಯನ್ನು ಕುಂಚಿಯೊಳಗೆ ಸೇರಿಸಿ, ಲಾಡಿ ಬಿಗಿದು, ಪಕ್ಕದ ಮನೆಯಾಕೆಯ ಕಡೆ ನೋಡಿದರು. "ರುಖವತ ಯಾರು ಮಾಡ್ಯಾರ ಅಂತ ಕೇಳ್ಲಾಕ ಕೂತ್ರ ಓಣ್ಯಾಗಿನ ಎಲ್ಲಾ ಟ್ರಂಕ್ ತೆಗಿಬೇಕಾಗ್ತದ. ನಿಂದೇ ಮೊದಲ ತೆಗಿಲೇನು?"

"ನಂದು ನಮ್ಮಣ್ಣನ ಹೆಂಡ್ತಿ, ನಮ್ಮ ವೈನಿ, ಮಾಡಿದ್ಳು, ಹೌದು. ಹಂಗಾರ ಏನಾಯ್ತ ಈಗ?" ಎಂದಳಾಕೆ. ಇನ್ನೊಬ್ಬಾಕೆ, "ನಂದು ಪ್ಯಾಟಿಂದ ತಂದಿದ್ರು," ಎಂದಳು. ಆಮೇಲೆ ಯಾರ ಮಾತೂ ಯಾರಿಗೂ ಕೇಳಿಸದ ಹಾಗೆ ನಗು ಎದ್ದಿತು.

ಅವ್ವ ಮಾತ್ರ ನಗಲಿಲ್ಲ. ಗದ್ದಲ ಇಳಿದ ಮೇಲೆ ಅತ್ತೆಯವರ ಹತ್ತಿರ ಹೋಗಿ, "ತಪ್ಪಾಯ್ತರಿ ಬೀಗ್ತಿ. ಅವತ್ತ ಎಲ್ಲರ ಮುಂದ ನಾನೇ ಹೇಳಿದ್ದೆ," ಎಂದಳು.

"ಹೇಳಿದ್ರಿ, ಹೌದು," ಎಂದರು ಅತ್ತೆಯವರು. "ನನಗೇನು ಬ್ಯಾಸರ ಇಲ್ಲರಿ. ಈ ಸಣ್ಣಾಕಿಗಿ ಕೇಳ್ರಿ." ಅವ್ವ ನನ್ನ ಕಡೆ ತಿರುಗಿದಳು. ಹತ್ತಿರ ಬಂದು ನನ್ನ ಎಡಗೈಯನ್ನು ಒಂದು ಸಲ ಹಿಡಿದು, ಆರತಿ ತಾಟನ್ನು ಅದಕ್ಕೇ ಕೊಟ್ಟು ಹೋದಳು. ಹಿಂದೆ ಆಗಿದ್ದರೆ, ಬಲಗೈಲೆ ಹಿಡಿ ಎಂದು ಬೈಯುತ್ತಿದ್ದಳು.

ಈಗ ಆ ಕೂಸು ಅಂಗನವಾಡಿಗೆ ಹೋಗುತ್ತದೆ. ಅಕ್ಕ ಈಗಲೂ ಹೆಣೆಯುತ್ತಾಳೆ, ಈಗಲೂ ಸೊಟ್ಟ. ವಾರಕ್ಕೊಂದು ಫೋಟೋ ಕಳಿಸಿ, "ಎಲ್ಲಿ ತಪ್ಪ್ಯಾದ ಹೇಳು," ಎಂದು ಕೇಳುತ್ತಾಳೆ. ನಾನು ದೊಡ್ಡದು ಮಾಡಿ ನೋಡಿ, ಎಲ್ಲಿ ಎಂದು ಹೇಳುತ್ತೇನೆ. ಕೆಲವು ಸಲ ಗೊತ್ತಾದರೂ ಹೇಳುವುದಿಲ್ಲ, ಅವಳು ಫೋನ್ ಮಾಡಲಿ ಎಂದು ಕಾಯುತ್ತೇನೆ. ಫೋನಿನಲ್ಲಿ ಹೆಣಿಗೆಯ ಮಾತು ಎರಡು ನಿಮಿಷ, ಉಳಿದದ್ದೆಲ್ಲ ಅವಳ ಕಥೆ.

ನಿಮ್ಮ ಮನೆಯಲ್ಲೂ ಒಬ್ಬರ ಕೈಯ ಕೆಲಸ ಇನ್ನೊಬ್ಬರ ಹೆಸರಿನಲ್ಲಿ ಹೋಗಿರಬಹುದು. ರುಖವತವೋ, ಸ್ವೆಟರೋ, ಶಾಲೆಗೆ ಕೊಟ್ಟ ಹೊಲಿಗೆ ಮಾದರಿಯ ಪುಸ್ತಕವೋ. ಯಾರು ಮಾಡಿದ್ದು, ಯಾರ ಹೆಸರಿಗೆ ಹೋಯಿತು, ಆಮೇಲೆ ನಿಜ ಹೇಳಿದಿರೋ ಇಲ್ಲವೋ, ನನಗೆ ಬರೆದು ತಿಳಿಸಿ. ಎಡಚರಿದ್ದರೆ ಇನ್ನೂ ಒಳ್ಳೆಯದು, ನೀವು ಹೇಗೆ ಕಲಿತಿರಿ ಎಂಬುದನ್ನೂ ಬರೆಯಿರಿ.